ದಾರ ಹೇಳದ ಮಾಲೆ

ಸೀಡಿಯನ್ನು ಕಾರಿನ ಪ್ಲೇಯರಿಗೆ ಅರ್ಧ ತೂರಿಸಿದ ಮಗಳು, ಅದು ಒಳಕ್ಕೆ ಎಳೆದುಕೊಳ್ಳುವ ಮೊದಲೇ ಉಗುರಿನಿಂದ ಹಿಡಿದು ಹೊರಗೆಳೆದಳು. ಬೆಳಿಗ್ಗೆಯಿಂದ ಇದೇ ಆಟ. ಒಂದೇ ಒಂದು ಹಾಡು ಕೇಳಿಬಿಟ್ಟರೆ ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಎಂದು ಒಂದು ಮನಸ್ಸು. ಅಪ್ಪನನ್ನು ಕಳಿಸಿಕೊಡುವ ಮೊದಲೇ ಅವನಿಗೆ ಕೊಟ್ಟ ಮಾತು ಮುರಿಯುವುದೇ ಎಂದು ಇನ್ನೊಂದು ಮನಸ್ಸು. ಅಪ್ಪ ಎದುರಿಗೇ, ಚಿತಾಗಾರದ ಸಭಾಂಗಣದಲ್ಲಿ, ಬಿಳಿ ಹೊದಿಕೆಯ ಕೆಳಗೆ ಮಲಗಿದ್ದ. ಅವನ ಹಳೆಯ ಕಾರಿನಲ್ಲಿ ಇವಳು ಬಿಸಿತುಪ್ಪ ಬಾಯಿಗೆ ಹಾಕಿಕೊಂಡವಳಂತೆ, ಉಗುಳಲೂ ಆಗದೆ ನುಂಗಲೂ ಆಗದೆ ಕೂತಿದ್ದಳು.

ಸೀಡಿಯ ಮೇಲೆ ಏನೂ ಬರೆದಿರಲಿಲ್ಲ. ಅಪ್ಪನ ಗುಂಪಿನಲ್ಲಿ ಅದೇ ಕಟ್ಟುಪಾಡು.

ಅಪ್ಪ ಹೊಟ್ಟೆಪಾಡಿಗೆ ಲಿಫ್ಟ್ ಮೆಕ್ಯಾನಿಕ್. ಪ್ರಾಣ ಇದ್ದದ್ದು ಮಾತ್ರ ಗಡಿಯಾರ ಮಾಮನ ವಾಚ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಪಾಪ್ ಹಾಡು, ಕುಣಿತದ ಹಾಡುಗಳ ಹುಚ್ಚು ಹಿಡಿದ ನಾಲ್ಕಾರು ಜನ ವಾರಕ್ಕೊಮ್ಮೆ ಅಲ್ಲಿ ಸೇರುತ್ತಿದ್ದರು. ಸರದಿಯ ಮೇಲೆ ಒಬ್ಬೊಬ್ಬರು ಒಂದು ಮಾಲೆ ಕಟ್ಟಿಕೊಂಡು ಬರಬೇಕು. ಮಾಲೆ ಎಂದರೆ ಹಾಡುಗಳ ಸಂಗ್ರಹ. ಮೊದಲು ಕ್ಯಾಸೆಟ್ಟಿನಲ್ಲಿ, ಆಮೇಲೆ ಸೀಡಿಯಲ್ಲಿ. ಪ್ರತಿ ಮಾಲೆಗೂ ಒಂದು ದಾರ. ಒಂದರಲ್ಲಿ ಎಲ್ಲ ಹಾಡುಗಳಲ್ಲೂ ಟೆಲಿಫೋನ್ ಬರುತ್ತದೆ, ಇನ್ನೊಂದರಲ್ಲಿ ಎಲ್ಲ ಗಾಯಕಿಯರೂ ನಡುವೆ ಎಲ್ಲೋ ಒಂದು ಕಡೆ ನಕ್ಕುಬಿಡುತ್ತಾರೆ. ದಾರ ಯಾವುದೆಂದು ಕಟ್ಟಿದವರು ಬಾಯಿ ಬಿಡುವಂತಿಲ್ಲ. ಯಾರೂ ಮೊದಲೇ ಕೇಳುವಂತಿಲ್ಲ. ಎಲ್ಲರೂ ಒಟ್ಟಿಗೆ ಕೂತು ಒಂದೇ ಸಲ ಕೇಳಬೇಕು, ಇನ್ನೊಮ್ಮೆ ಹಾಕುವಂತಿಲ್ಲ, ದಾರವನ್ನು ತಾವೇ ಹಿಡಿಯಬೇಕು. ಈ ಕಟ್ಟುಪಾಡಿಗೆ ಅಪ್ಪ ಕೊಡುತ್ತಿದ್ದ ಮರ್ಯಾದೆಯನ್ನು ತನ್ನ ಸ್ವಂತ ಅಕ್ಕನಿಗೂ ಕೊಟ್ಟವನಲ್ಲ. ಒಂದು ಹಾಡಿನ ಬಾಲವನ್ನು ಇನ್ನೊಂದರ ತಲೆಗೆ ಗೊತ್ತೇ ಆಗದ ಹಾಗೆ ಸೇರಿಸುವುದರಲ್ಲಂತೂ ಅವನದು ಎತ್ತಿದ ಕೈ.

ಕಿಟಕಿಯ ಗಾಜಿನ ಮೇಲೆ ಯಾರೋ ತಟ್ಟಿದರು. ಗುಂಪಿನ ಪಾರ್ಲರ್ ಅಕ್ಕ. ಊರಿನ ಅರ್ಧ ತಲೆಗಳಿಗೆ ಕತ್ತರಿ ಹಾಕುವ ಹೆಂಗಸು. ಅಳು ನಿಲ್ಲದೆ ಅವಳ ಕಾಡಿಗೆ ಕೆನ್ನೆಗಿಳಿದಿತ್ತು.

"ಒಳಗೆ ಬಾರೇ. ಗಡಿಯಾರ ಮಾಮ ನಿಮ್ಮನೆ ಪ್ಲೇಯರ್‌ನೇ ಹೊತ್ಕೊಂಡು ಬಂದು ಇಟ್ಟಿದಾರೆ. ನಿಮ್ಮ ಸೋದರತ್ತೆ ಆಗ್ಲೇ ಅದರ ಸುತ್ತ ಮೂರು ಸುತ್ತು ಹಾಕಿದ್ರು."

"ಅಮ್ಮ ಏನಂದ್ರು?"

"ನಿಮ್ಮಮ್ಮ ಏನಾದ್ರೂ ಅಂದಿದ್ರೆ ಅರ್ಧ ಭಯ ಕಮ್ಮಿ ಆಗೋದು. ಬಾಯೇ ಬಿಟ್ಟಿಲ್ಲ."

ಮಗಳು ಸೀಡಿಯನ್ನು ಕೈಚೀಲಕ್ಕೆ ಹಾಕಿಕೊಂಡು ಇಳಿದಳು.

*

ಅವಳ ಭಯಕ್ಕೆ ಕಾರಣವಿತ್ತು. ಅವಳ ಮದುವೆಗೂ ಅಪ್ಪ ಒಂದು ಮಾಲೆ ಕಟ್ಟಿದ್ದ.

ಊಟದ ಹೊತ್ತಿಗೆ ಅದನ್ನು ಹಾಕಿದರು. ಮೊದಲ ಎರಡು ಹಾಡಿಗೆ ಮಕ್ಕಳು ಕುಣಿದವು, ಗಂಡಿನ ಕಡೆಯವರು ತಲೆದೂಗಿದರು. ಮೂರನೆಯದು ಗಂಡ ಬಾಗಿಲು ದೂಡಿಕೊಂಡು ಹೋದವನು ತಿರುಗಿ ಬರಲೇ ಇಲ್ಲ ಎನ್ನುವ ಹಾಡು. ನಾಲ್ಕನೆಯದರಲ್ಲಿ ಹೆಂಡತಿ ಬೀಗವನ್ನೇ ಬದಲಾಯಿಸುತ್ತಾಳೆ. ಗಂಡಿನ ತಾಯಿ ತಟ್ಟೆಯಿಂದ ಕೈ ತೆಗೆದರು. ಅಪ್ಪನ ಗುಂಪಿನವರು ಮಾತ್ರ ಮೂಲೆಯ ಮೇಜಿನಲ್ಲಿ ಚಪ್ಪಾಳೆ ತಟ್ಟಿದರು: "ಬಾಗಿಲು! ದಾರ ಬಾಗಿಲು!" ಅಪ್ಪನ ಮುಖ ಊರಗಲವಾಯಿತು. ದಾರವೊಂದು ಸರಿಯಾಗಿದ್ದರೆ ಆಯಿತು, ಮದುವೆಯೋ ಮಸಣವೋ ಅವನಿಗೆ ಕಾಣುತ್ತಿರಲಿಲ್ಲ.

ಅಮ್ಮ ಎದ್ದು ಸೀದಾ ಅಡುಗೆಯವರ ಕೋಣೆಗೆ ಹೋಗಿ ಪಾತ್ರೆಗಳ ನಡುವೆ ಕೂತಳು. ಅಪ್ಪ ಹಿಂದೆಯೇ ಓಡಿದ. ಒಳಗೆ ಏನು ಮಾತಾಯಿತೋ, ಮಗಳಿಗೆ ಇವತ್ತಿಗೂ ಗೊತ್ತಿಲ್ಲ. ಹೊರಗೆ ಬಂದಾಗ ಅಮ್ಮನ ಮುಖ ಗಂಟು ಹಾಕಿಕೊಂಡೇ ಇತ್ತು. ಅಪ್ಪ ಮಾತ್ರ ನಗುತ್ತಿದ್ದ, ನಾಚಿಕೆಗೆಟ್ಟವನು.

ಮೊದಲಿನಿಂದಲೂ ಅವರಿಬ್ಬರೂ ಹೀಗೆಯೇ, ಎತ್ತು ಏರಿಗೆ ಕೋಣ ನೀರಿಗೆ. ಅಪ್ಪ ಪ್ಲೇಯರ್ ಹಾಕುವುದು, ಅಮ್ಮ ಹೋಗ್ತಾ ಬರ್ತಾ ಸೌಂಡು ಇಳಿಸುವುದು. ಕೊನೆಗೊಂದು ದಿನ ಅವಳು ಉಗುರಿನ ಕೆಂಪು ಬಣ್ಣ ತಂದು, ಸೌಂಡಿನ ಗುಂಡಿಯ ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟಳು. "ಇಲ್ಲಿಂದಾಚೆಗೆ ತಿರುಗಿಸಿದ್ರೆ ನಾನು ಮನೆಯಿಂದಾಚೆಗೆ," ಎಂದಳು. ಗುಂಡಿಯ ಮೇಲಿನ ಬಿಳಿ ಗೆರೆ ಆಮೇಲೆ ಆ ಚುಕ್ಕೆಯನ್ನು ದಾಟಲಿಲ್ಲ. ಅವಳು ಮನೆಯಲ್ಲಿ ಇಲ್ಲದಾಗಲೂ ದಾಟಲಿಲ್ಲ. ಅದನ್ನು ಮಗಳು ಕಣ್ಣಾರೆ ಕಂಡಿದ್ದಳು.

*

ಸಭಾಂಗಣದಲ್ಲಿ ಕುರ್ಚಿಗಳು ಮುಕ್ಕಾಲು ತುಂಬಿದ್ದವು. ಮುಂದಿನ ಸಾಲಿನಲ್ಲಿ ಅಮ್ಮ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ಬಸ್ಸಿಗೆ ಕಾಯುವವಳ ಹಾಗೆ ನೆಟ್ಟಗೆ ಕೂತಿದ್ದಳು. ಅಪ್ಪನ ಜೊತೆ ಕೆಲಸ ಮಾಡಿದ ಮೆಕ್ಯಾನಿಕ್ ಒಬ್ಬ ನಿಂತು ಮಾತಾಡುತ್ತಿದ್ದ.

"ಯಾರಾದ್ರೂ ಲಿಫ್ಟಲ್ಲಿ ಸಿಕ್ಕಾಕ್ಕೊಂಡ್ರೆ, ಅಣ್ಣ ಮೇಲಿಂದ ಬಗ್ಗಿ ಹಾಡ್ತಿದ್ರು. ಏನ್ ಹೇಳ್ಲಿ, ಆ ಕಂಠ... ಒಳಗಿದ್ದೋರಿಗೆ ಭಯ ಹೋಗಿ, ಇದು ನಿಂತ್ರೆ ಸಾಕಪ್ಪಾ ಅನ್ನಿಸ್ತಿತ್ತು."

ನಾಲ್ಕು ಜನ ನಕ್ಕರು. ಅಮ್ಮ ನಗಲಿಲ್ಲ.

ಸೋದರತ್ತೆ ಮಗಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದುಕೊಂಡರು. "ನೋಡು, ಸತ್ತೋನು ನನ್ನ ತಮ್ಮ. ಅವನ ಹುಚ್ಚು ನನಗೆ ಗೊತ್ತಿಲ್ವಾ? ಆದ್ರೆ ಹೆಣದ ಮುಂದೆ ಡುಬುಡುಬು ಅಂತ ಹಾಕಿದ್ರೆ ಜನ ಏನಂದಾರು? ನಿಮ್ಮಮ್ಮನ ಮುಖ ನೋಡಿಯಾದ್ರೂ ಬಿಟ್ಬಿಡು."

"ಮಾತು ಕೊಟ್ಟಿದೀನಿ ಅತ್ತೆ."

"ಮಾತು ಇಸ್ಕೊಂಡೋನು ಎದ್ದು ಬಂದು ಕೇಳ್ತಾನಾ?"

ಅಷ್ಟರಲ್ಲಿ ಸಭಾಂಗಣದ ನೌಕರ ಬಾಗಿಲಿನಿಂದ ತಲೆ ಹಾಕಿ, ಮುಂದಿನವರು ಆಗಲೇ ಬಂದು ಕಾಯುತ್ತಿದ್ದಾರೆ, ಬೇಗ ಮುಗಿಸಿಕೊಳ್ಳಿ ಎಂದ. ಮಗಳು ಬಾಗಿಲ ಪಕ್ಕದ ಮೇಜಿನ ಮೇಲಿಟ್ಟಿದ್ದ ಪ್ಲೇಯರಿನ ಹತ್ತಿರ ಹೋದಳು. ಗಡಿಯಾರ ಮಾಮ ಅದರ ಪಕ್ಕ ಕಾವಲುಗಾರನ ಹಾಗೆ ನಿಂತಿದ್ದರು.

"ಮಾಮ, ಇದರಲ್ಲಿ ಏನಿದೆ, ನಿಮಗೇನಾದ್ರೂ ಗೊತ್ತಾ?"

"ಗೊತ್ತಿದ್ರೆ ಅದು ಮಾಲೆ ಹೇಗಾಗತ್ತೆ?" ಎಂದವರು ದನಿ ತಗ್ಗಿಸಿದರು. "ಹೋದ ವರ್ಷ ಒಂದು ಹಳೇ ಹಾಡಿಗೋಸ್ಕರ ನನ್ನನ್ನ ಬೀದಿ ಬೀದಿ ಅಲೆಸಿದ. ಅಂಥಾ ಒಳ್ಳೇ ಹಾಡೂ ಅಲ್ಲ, ಸಾಧಾರಣದ್ದು. ಇದ್ಯಾಕೋ ನಿನಗೆ ಅಂದ್ರೆ ಹಲ್ಲು ಕಿರಿದ. ಅಷ್ಟೇ ನನಗೆ ಗೊತ್ತಿರೋದು."

*

ಕೊನೆಯ ವಾರ ಅಪ್ಪನಿಗೆ ಉಸಿರು ಸಾಲುತ್ತಿರಲಿಲ್ಲ. ದಿಂಬಿನ ಕೆಳಗಿನಿಂದ ಸೀಡಿ ತೆಗೆದು ಮಗಳ ಕೈಗಿಟ್ಟ. "ಆವತ್ತೇ ಹಾಕು. ಮೊದ್ಲಿಂದ ಕೊನೇವರೆಗೂ. ಮೊದ್ಲೇ ಕೇಳ್ಬೇಡ."

ಔಷಧಿಯ ಲೋಟ ಹಿಡಿದು ಬಂದ ಅಮ್ಮ ಬಾಗಿಲಲ್ಲೇ ನಿಂತಳು. "ಆವತ್ತೂ ಕುಣಿತದ ಹಾಡೇ? ಒಂದು ದಿನ ಒಂದು ಹೆಜ್ಜೆ ಕುಣಿದೋರಲ್ಲ ನೀವು. ಹಾಕ್ಸಿ ನೋಡಿ, ನಾನು ಎದ್ದು ಹೋಗ್ತೀನಿ."

"ಹೋಗೋದಾದ್ರೆ ಮೂರನೇ ಹಾಡು ಮುಗಿದ್ಮೇಲೆ ಹೋಗು ಮಾರಾಯ್ತಿ," ಎಂದ ಅಪ್ಪ. ನಗಲು ಹೋಗಿ ಕೆಮ್ಮು ಬಂತು. ಅಮ್ಮ ಲೋಟ ಅತ್ತ ಇಟ್ಟು ಬೆನ್ನು ನೀವಿದಳು. ನೀವುತ್ತಲೇ ಬೈದಳು.

ಅಮ್ಮ ಆಡಿದರೆ ಆಡಿದ ಹಾಗೆ. ಎದ್ದು ಹೋಗುತ್ತೇನೆ ಎಂದರೆ ಹೋಗುವವಳೇ. ಗಂಡನ ದೇಹವನ್ನು ಬಿಟ್ಟು, ಇಷ್ಟು ಜನರ ಎದುರಿಗೆ ಅಮ್ಮ ಹೊರಗೆ ನಡೆದುಬಿಟ್ಟರೆ ಆಮೇಲೆ ಅದನ್ನು ಯಾರು ಸರಿಮಾಡುವುದು? ಸರಿಮಾಡಿಕೊಳ್ಳಲು ಇಬ್ಬರಲ್ಲಿ ಒಬ್ಬರು ಇರುವುದಿಲ್ಲವಲ್ಲ. ಮಗಳಿಗೆ ನಿದ್ದೆ ಕೆಡಿಸಿದ್ದು ಇದೇ.

*

ಅವಳು ಸೀಡಿ ಹಾಕಿ ಗುಂಡಿ ಒತ್ತಿದಳು.

ಡ್ರಮ್ಮಿನ ಸದ್ದು ಸಭಾಂಗಣದ ಗೋಡೆಗಳಿಗೆ ಬಡಿಯಿತು. ದೋಣಿಯಲ್ಲಿ ಹೋಗುವ ಹುಡುಗಿಯ ಬಗ್ಗೆ ಯಾವುದೋ ಹಳೆಯ ಕುಣಿತದ ಹಾಡು. ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಸೋದರತ್ತೆ ಕಣ್ಣು ಮುಚ್ಚಿಕೊಂಡರು. ಮಗಳು ಬಂದು ಅಮ್ಮನ ಪಕ್ಕ ಕೂತು, ತಿರುಗಿ ನೋಡುವ ಧೈರ್ಯವಿಲ್ಲದೆ, ಕೈಚೀಲದ ಮೇಲಿದ್ದ ಅವಳ ಬೆರಳುಗಳನ್ನೇ ನೋಡಿದಳು. ಅವು ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದವು.

"ನೀರು," ಎಂದು ಹಿಂದಿನಿಂದ ಪಾರ್ಲರ್ ಅಕ್ಕ ಪಿಸುಗುಟ್ಟಿದಳು. ಅಭ್ಯಾಸ ಬಲ.

ಎರಡನೆಯ ಹಾಡು ಧಡಕ್ಕನೆ ಶುರುವಾಯಿತು. ಅದರಲ್ಲಿ ನೀರೂ ಇಲ್ಲ, ದೋಣಿಯೂ ಇಲ್ಲ. ಒಬ್ಬ ಗಂಡಸು ಅರ್ಥವಿಲ್ಲದ ಅಕ್ಷರಗಳನ್ನು ಮೂಗಿನಲ್ಲಿ ಹಾಡುತ್ತಿದ್ದ. ಗಡಿಯಾರ ಮಾಮನ ಹುಬ್ಬು ಗಂಟಾಯಿತು. ಮುಂದಿನ ಸಾಲಿಗೆ ಬಂದು ಮಗಳ ಕಿವಿಯ ಹತ್ತಿರ ಬಗ್ಗಿದರು.

"ಜೋಡಣೆ ನೋಡು, ಕೊಡಲೀಲಿ ಕಡಿದ ಹಾಗಿದೆ. ಇದು ಅವನ ಕೈಕೆಲಸ ಅಲ್ಲ. ಕೊನೇಲಿ ಬುದ್ಧಿ ಸ್ವಲ್ಪ... ಏನಾದ್ರೂ?"

ಹಾಗಿರಬಹುದೇ? ಅಪ್ಪನಿಗೆ ಅಷ್ಟು ಕಷ್ಟವಾಗಿದ್ದು ತನ್ನ ಗಮನಕ್ಕೇ ಬರಲಿಲ್ಲವೇ? ದಾರವೇ ಇಲ್ಲದ ಮಾಲೆಯನ್ನು ಕೈಗಿಟ್ಟು ಹೋದನೇ? ಮೂರನೆಯ ಹಾಡು ಮೆಲ್ಲಗೆ, ತೂಗುವ ಹಾಗೆ ಬಂತು. ಕುಣಿತದ್ದೋ ಮಲಗಿಸುವುದೋ ಹೇಳಲಾಗದಂಥದ್ದು. ಇದು ಮುಗಿದರೆ ಅಮ್ಮ ಎದ್ದಾಳು ಎಂದು ಮಗಳು ಕಾದಳು.

"ಇದು ಕಾರಲ್ಲಿ," ಎಂದಳು ಅಮ್ಮ.

"ಏನಮ್ಮ?"

"ನಿನ್ನನ್ನ ಪರೀಕ್ಷೆಗೆ ಬಿಡೋಕೆ ಹೋಗ್ತಿದ್ವಿ. ನೀನು ಹೆದರ್ಕೊಂಡು ವಾಂತಿ ಮಾಡ್ಕೊಂಡೆ. ಆಗ ಇದು ಬರ್ತಿತ್ತು. ಇದೊಂದು ಪರವಾಗಿಲ್ಲ, ಇರ್ಲಿ ಬಿಡಿ ಅಂದೆ." ಅಮ್ಮ ಎದುರಿನ ಬಿಳಿ ಹೊದಿಕೆಯ ಕಡೆಗೇ ನೋಡುತ್ತಿದ್ದಳು. "ಅದಕ್ಕೆ ಮುಂಚಿನದು ನಿನಗೆ ಹಲ್ಲು ಬರುವಾಗ. ಆ ಮೂಗಲ್ಲಿ ಹಾಡೋನ ಹಾಡು ಹಾಕಿದ್ರೆ ಅಳು ನಿಲ್ಲಿಸ್ತಿದ್ದೆ. ಆಗ್ಲೂ ಅಂದಿದ್ದೆ, ಇದೊಂದು ಪರವಾಗಿಲ್ಲ ಅಂತ. ಮೊದಲನೇದು ನೀನು ಹುಟ್ಟೋಕೆ ಮುಂಚೆ. ಮಹಡಿ ಮೇಲಿನ ಬಾಡಿಗೆ ಮನೆ. ಕಿಟಕಿ ಒರೆಸ್ತಾ, ಇದೊಂದು ಪರವಾಗಿಲ್ಲ ಅಂತ ಸುಮ್ಮನೆ ಬಾಯಿಗೆ ಬಂದದ್ದು."

ಗಡಿಯಾರ ಮಾಮ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ತಾವು ಹುಡುಕಿಕೊಟ್ಟ ಸಾಧಾರಣ ಹಾಡು ಅಪ್ಪನಿಗೆ ಯಾಕೆ ಬೇಕಿತ್ತೆಂದು ಅವರಿಗೆ ಹೊಳೆದಿರಬೇಕು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

ನಾಲ್ಕನೆಯ ಹಾಡು ಮಗಳಿಗೇ ಗೊತ್ತಾಯಿತು. ಅವಳ ಮದುವೆಯ ಬಾಗಿಲು ಮಾಲೆಯ ಕೊನೆಯ ಹಾಡು. ಗಂಡ ಹೆಂಡತಿ ಇಬ್ಬರೂ ಬಾಗಿಲಿನ ಒಂದೊಂದು ಬದಿಗೆ ಕೂತು ಮಾತಾಡುವ ಹಾಡು.

"ಆವತ್ತು ಅಡುಗೆ ಕೋಣೇಲಿ..." ಎಂದಳು ಮಗಳು.

"ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ಪಾತ್ರೆ ಪಕ್ಕ ಕುಕ್ಕರುಗಾಲಲ್ಲಿ ಕೂತು ಎಲ್ಲಾ ಬೈಸ್ಕೊಂಡ್ರು. ಆಮೇಲೆ ಗೋಡೆ ಆಚೆಯಿಂದ ಇದು ಕೇಳಿಸ್ತು. ಉಳಿದದ್ದೆಲ್ಲಾ ಕಿವಿಗೆ ಕೇಡು, ಇದೊಂದು ಪರವಾಗಿಲ್ಲ ಅಂದೆ. ಅಷ್ಟಕ್ಕೇ ಹಲ್ಲು ಕಿರ್ಕೊಂಡು ಎದ್ದು ಬಂದ್ರು."

ಹಾಡು ಮುಗಿಯಿತು. ಎಲ್ಲರೂ ಐದನೆಯದಕ್ಕೆ ಕಾದರು. ಪ್ಲೇಯರಿನೊಳಗೆ ಸೀಡಿ ಸುತ್ತುವ ಸಣ್ಣ ಸದ್ದು ಕೇಳಿಸಿತು, ಆಮೇಲೆ ಅದೂ ನಿಂತಿತು. ಯಾರೋ ಕೆಮ್ಮಿದರು. ಕುರ್ಚಿಯೊಂದು ಕಿರುಗುಟ್ಟಿತು. ಅಪ್ಪ ಕಟ್ಟಿದ ಮಾಲೆ ಎಂದರೆ ಸೀಡಿಯಲ್ಲಿ ಕೂದಲು ತೂರಿಸುವಷ್ಟೂ ಜಾಗ ಉಳಿಯುತ್ತಿರಲಿಲ್ಲ. ಬಾಗಿಲಲ್ಲಿ ನೌಕರ ಮತ್ತೆ ಕಾಣಿಸಿಕೊಂಡ.

"ಸೀಡಿ ಕೆಟ್ಟಿರಬೇಕು," ಎಂದು ಗಡಿಯಾರ ಮಾಮ ಗಾಬರಿಯಲ್ಲಿ ಪ್ಲೇಯರಿನ ಕಡೆ ಹೊರಟರು.

"ಕೆಟ್ಟಿಲ್ಲ," ಎಂದಳು ಅಮ್ಮ. ಈ ಸಲ ಇಡೀ ಸಾಲಿಗೆ ಕೇಳಿಸುವ ಹಾಗೆ. "ನಾನು ಅಂದಿದ್ದೇ ಅಷ್ಟು ಸಲ."

ಮಗಳು ಅಮ್ಮನ ಕೈ ಹಿಡಿಯಲು ಹೋದಳು. ಆದರೆ ಅಮ್ಮ ಆಗಲೇ ಎದ್ದು ನಿಂತಿದ್ದಳು. ಕೈಚೀಲವನ್ನು ಕುರ್ಚಿಯ ಮೇಲಿಟ್ಟು ಬಾಗಿಲ ಕಡೆ ನಡೆದಳು. ಅಯ್ಯೋ, ಕೊನೆಗೂ ಆಡಿದ್ದನ್ನು ಮಾಡಿಬಿಟ್ಟಳಲ್ಲ ಎಂದು ಮಗಳು ಎದ್ದಳು. "ಅಮ್ಮಾ," ಎಂದಳು. ಸೋದರತ್ತೆಯೂ ಅರ್ಧ ಎದ್ದರು.

ಬಾಗಿಲ ಪಕ್ಕದ ಮೇಜಿನ ಹತ್ತಿರ ಅಮ್ಮ ನಿಂತಳು.

"ಇನ್ನೊಂದ್ಸಲ ಹಾಕ್ಬಾರ್ದು ಅಂತ ನಿಮ್ಮದೊಂದು ಕಟ್ಟುಪಾಡಿದೆ, ಅಲ್ವಾ?"

"ಇದೆ," ಎಂದರು ಗಡಿಯಾರ ಮಾಮ. "ಮಾಡಿದೋರು ನಾವೇ ತಾನೇ," ಎಂದು ಪಕ್ಕಕ್ಕೆ ಸರಿದರು.

ಅಷ್ಟು ವರ್ಷ ಸೌಂಡು ಇಳಿಸಿದವಳಿಗೆ ಹಾಡು ಶುರುಮಾಡುವ ಗುಂಡಿ ಯಾವುದೆಂದು ಗೊತ್ತಿರಲಿಲ್ಲ. ಮಾಮ ಬೆರಳಿಟ್ಟು ತೋರಿಸಿದರು. ಒತ್ತಿದಳು. ದೋಣಿಯ ಹುಡುಗಿಯ ಡ್ರಮ್ಮು ಮತ್ತೆ ಶುರುವಾಯಿತು. ಅಮ್ಮ ಒಂದು ಕ್ಷಣ ತಲೆ ವಾರೆ ಮಾಡಿ ಕೇಳಿಸಿಕೊಂಡಳು. ಆಮೇಲೆ ಸೌಂಡಿನ ಗುಂಡಿಗೆ ಕೈ ಹಾಕಿದಳು. ಬಿಳಿ ಗೆರೆ ಕೆಂಪು ಚುಕ್ಕೆಯ ಹತ್ತಿರ ಬಂತು, ಚುಕ್ಕೆಯನ್ನು ಮುಟ್ಟಿತು, ದಾಟಿತು. ಅವಳ ಕೈ ಇನ್ನೂ ತಿರುಗಿಸುತ್ತಲೇ ಇತ್ತು.