ಬಲಗೈಯ ಮಗ

ರೈಲ್ವೆ ಮುಷ್ಕರ ಮುಗಿದ ವರ್ಷದ ಮಳೆಗಾಲದಲ್ಲಿ ಏಕಾಂತಮ್ಮ ಗಂಡುಮಗುವನ್ನು ಹೆತ್ತು, ಅದರ ಮುಖ ನೋಡಿ ಕಣ್ಣು ಮುಚ್ಚಿದಳು. ಅಂದಿನಿಂದ ಗಂಡ ಮಾರಣ್ಣ ಅವಳ ಹೆಸರನ್ನು ಬಾಯಿಗೆ ತಂದಿರಲಿಲ್ಲ, ಮಗುವನ್ನೂ ಮುಟ್ಟಿರಲಿಲ್ಲ. ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಅವನು ಪಾಯಿಂಟ್ಸ್‌ಮನ್. ನಿಲ್ಲದೆ ಹೋಗುವ ಗಾಡಿಗೆ ದೊಡ್ಡ ಬಳೆಯೊಂದಕ್ಕೆ ಮುಂದಿನ ದಾರಿ ತೆರವೆಂಬ ಗುರುತಿನ ಟೋಕನ್ ಕಟ್ಟಿ, ಅದನ್ನು ಕೊಡಲು ಬಲಗೈ ಚಾಚಿ ನಿಲ್ಲುವುದು ಅವನ ಕೆಲಸ.

ಮಗುವನ್ನು ನೋಡಿಕೊಳ್ಳುತ್ತಿದ್ದವಳು ಅವನ ಅಕ್ಕ ಜಯಕ್ಕ. ಮಗುವಿಗೆ ತಿಂಗಳು ತುಂಬಿತ್ತು; ಮರುದಿನ ಬೆಳಿಗ್ಗೆ ಅವಳು ಅದರೊಂದಿಗೆ ತನ್ನೂರು ಭರಮಸಾಗರಕ್ಕೆ ಹೊರಡುವವಳಿದ್ದಳು.

"ಹೆಸರಿಡದೆ ಎತ್ಕಂಡು ಹೋಗಲ್ಲ ಕಣಲೇ. ನೀನು ತೊಡೆ ಮೇಲಿಟ್ಕಂಡು ಹೆಸರು ಹೇಳು, ನಾನು ಅದರ ಕಿವ್ಯಾಗೆ ಕರೀತೀನಿ."

"ಅದಕ್ಕೇನು ಹೆಸರು? ಕರ್ಮ ಅಂತ ಕರಿ," ಎಂದು ಮಾರಣ್ಣ ಡ್ಯೂಟಿಗೆ ಹೋದ.

ಕ್ಯಾಬಿನ್ನಿನ ಹೊರಗೆ ಹಿರಿಯ ಜೊತೆಗಾರ ಬೆನ್ಯಾಮೀನಪ್ಪ ಟೀ ಬಗ್ಗಿಸುತ್ತಿದ್ದ.

"ಬರಾವಾಗ ನೋಡ್ದೆ, ನಿಮ್ಮಕ್ಕ ಅಳ್ತಾ ಕುಂತಿದ್ಲು. ಏನಂದೆಪ್ಪ?"

ಮಾರಣ್ಣ ಹೇಳಿದ. ಬೆನ್ಯಾಮೀನಪ್ಪ ಟೀ ಲೋಟವನ್ನು ಅವನ ಕೈಗಿಟ್ಟ.

"ನಮ್ಮವ್ವನೂ ನನ್ನ ಹೆತ್ತೇ ಸತ್ಲು," ಎಂದ ಆಮೇಲೆ. ಇಷ್ಟು ವರ್ಷ ಜೊತೆಗೆ ದುಡಿದರೂ ಮಾರಣ್ಣನಿಗೆ ಇದು ಗೊತ್ತಿರಲಿಲ್ಲ. "ನಮ್ಮ ಬೈಬಲ್ಲಾಗೆ ರಾಹೇಲ ಅಂತ ಒಬ್ಬಾಕೆ. ದಾರ್ಯಾಗೇ ಹೆರಿಗೆ ಆತು. ಪ್ರಾಣ ಹೋಗಾವಾಗ ಕೂಸಿಗೆ ಬೆನೋನಿ ಅಂದ್ಲು. ಹೀಬ್ರೂ ಮಾತು, ನನ್ನ ಸಂಕಟದ ಮಗ ಅಂತ. ಅದರ ಅಪ್ಪ ಯಾಕೋಬ ಆ ಹೆಸರು ಉಳಿಸ್ಲಿಲ್ಲ. ಬೆನ್ಯಾಮೀನ ಅಂದ, ಬಲಗೈ ಮಗ ಅಂತ. ನಮ್ಮಪ್ಪನೂ ನಂಗೆ ಅದನ್ನೇ ಇಟ್ಟ. ಹೊಡೆಯಾವಾಗ್ಲೂ ಅದನ್ನೇ ಕೂಗಿ ಹೊಡೀತಿದ್ದ."

ಮಾರಣ್ಣ ನಗಲಿಲ್ಲ. "ಹೆಂಡ್ತೀನ ಅಷ್ಟು ಬೇಗ ಮರೆತನಾ, ಆ ಯಾಕೋಬ?"

"ಎಲ್ಲಿ ಮರೀತಾನೆ? ಮುದುಕ ಆಗಿ ಹಾಸಿಗೆ ಹಿಡಿದಾಗ್ಲೂ ಆಕೆ ಸತ್ತ ದಾರೀನೇ ಹೇಳ್ಕಂತಿದ್ದ. ಸಂಕಟಾನ ತನ್ನತ್ರನೇ ಇಟ್ಕಂಡ. ಕೂಸಿನ ಮೇಲೆ ಹೊರಿಸ್ಲಿಲ್ಲ, ಅಷ್ಟೆ."

ಗಾಡಿ ಬರುವ ಗಂಟೆ ಬಡಿಯಿತು. ಮಾರಣ್ಣ ಹೋಗಿ ಕೈ ಚಾಚಿ ನಿಂತ. ಇಂಜಿನ್ನಿನಿಂದ ಬಗ್ಗಿದ ತೋಳೊಂದು ಬಳೆಯನ್ನು ಕಿತ್ತುಕೊಂಡು ಹೋಯಿತು. ಕೊನೆಯ ಡಬ್ಬಿ ದಾಟಿದ ಮೇಲೂ ಅವನ ಬರಿಗೈ ಹಾಗೇ ಇತ್ತು.

ಸಂಜೆ ಮನೆಗೆ ಬಂದವನು ಮೊಣಕೈವರೆಗೂ ಸೋಪು ಹಚ್ಚಿ ತೊಳೆದು, ಚಾಪೆಯ ಮೇಲೆ ಕೂತ.

"ಕೊಡಕ್ಕ."

ಜಯಕ್ಕ ಅವನ ಮುಖ ನೋಡಿದಳು. ಮಗುವನ್ನು ಅವನ ಬಲಗೈ ಮೇಲಿಟ್ಟಳು. ತೋಳು ಸೆಟೆದುಕೊಂಡೇ ಇತ್ತು.

"ಕೈ ಮಡಚಲೇ. ಮಗೂನ ಗಾಡಿಗೆ ಕೊಡ್ತೀಯಾ?"

ಅವನು ಮಡಚಿದ. ಮಗು ಎದೆಗೆ ಒರಗಿತು.

"ಏನಂತ ಕರೀಲಿ?"

ಹೊರಗೆ ಚಿತ್ರದುರ್ಗದ ಗಾಡಿ ಉಗಿ ಬಿಡುತ್ತಿತ್ತು. ಅದು ಹೊರಟು ಸದ್ದಡಗಿದ ಮೇಲೆ ಮಾರಣ್ಣ ಮಗುವಿನ ಮುಖ ನೋಡಿದ.

"ಏಕಾಂತಪ್ಪ," ಎಂದ.

ಜಯಕ್ಕ ಮಗುವಿನ ಕಿವಿಗೆ ಬಗ್ಗಿದಳು. ಅವಳು ಬಾಯಿ ತೆರೆಯುವ ಮೊದಲೇ ಮಾರಣ್ಣನೇ ತಲೆ ತಗ್ಗಿಸಿ ಆ ಹೆಸರನ್ನು ಕರೆದ. ಇನ್ನೊಮ್ಮೆ ಕರೆದ.

ಆಮೇಲೆ, ವಾರದ ರಜದ ದಿನ ಭರಮಸಾಗರಕ್ಕೆ ಮೊದಲ ಬಸ್ಸು ಎಷ್ಟೊತ್ತಿಗೆ ಎಂದು ಅಕ್ಕನನ್ನು ಕೇಳಿದ.