ಮುಚ್ಚಿದ ಕೋಣೆಯ ತಪ್ಪೊಪ್ಪಿಗೆ

"ಒದರೇ ಚೀಲಾನ, ಕಳ್ಳ ಮುಂಡೆ! ಎಷ್ಟು ಕೊಟ್ರು ನಿಂಗೆ ಆ ಕಡೆಯೋರು?"

ನ್ಯಾಯಾಲಯದ ಪಡಸಾಲೆಯಲ್ಲಿ ಹಿರಿಯ ವಕೀಲರು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಹೊತ್ತು ಹನ್ನೊಂದು; ಕಕ್ಷಿದಾರರು, ಗುಮಾಸ್ತರು, ಪೊಲೀಸರು ಕಿಕ್ಕಿರಿದಿದ್ದರು. ಕಸ ಗುಡಿಸುವವಳು ಚೀಲ ಒದರಿದಳು. ಊಟದ ಡಬ್ಬಿ ಬಿತ್ತು, ಬಾಚಣಿಗೆ ಬಿತ್ತು, ತಿಂಗಳ ಬಟ್ಟೆ ಬಿತ್ತು. ವಕೀಲರು ಅದನ್ನೂ ಬೂಟಿನ ತುದಿಯಿಂದ ಮಗುಚಿ ನೋಡಿದರು. ಫೈಲಿನಿಂದ ಕಾಣೆಯಾಗಿದ್ದ ಅವರ ಕಕ್ಷಿದಾರನ ಮೂಲಪತ್ರ ಅಲ್ಲಿರಲಿಲ್ಲ. ಓದಲು ಬಾರದವಳು ನೂರು ಕಾಗದಗಳ ನಡುವೆ ಅದೊಂದನ್ನೇ ಹೇಗೆ ಆರಿಸಿ ಕದ್ದಳು ಎಂಬ ಪ್ರಶ್ನೆ, ಪ್ರಶ್ನೆ ಕೇಳಿಯೇ ಹೊಟ್ಟೆ ಹೊರೆಯುವ ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮೂರನೆಯ ದಿನ ಪತ್ರ ವಕೀಲರ ಕಾರಿನಲ್ಲೇ, ಹಿಂದಿನ ಸೀಟಿನ ಸಂದಿಯಲ್ಲಿ ಸಿಕ್ಕಿತು. ಅವರ ಗುಮಾಸ್ತ ಅದನ್ನು ಅವಳ ಕಿವಿಗೆ ಹಾಕಿದ. ಪಡಸಾಲೆಯ ಕಿವಿಗೆ ಯಾರೂ ಹಾಕಲಿಲ್ಲ. ಅಲ್ಲಿ ಅವಳ ಹೆಸರು 'ಫೈಲ್ ಕಳ್ಳಿ' ಎಂದೇ ನಿಂತುಹೋಗಿತ್ತು. ಅವಳು ಪೊರಕೆ ಹಿಡಿದು ಬಂದರೆ ಬೀರುಗಳಿಗೆ ಬೀಗ ಬೀಳುತ್ತಿತ್ತು. ಅವಳ ಜೊತೆ ಅಲ್ಲೇ ಗುಡಿಸುತ್ತಿದ್ದ ಅತ್ತಿಗೆಯ ಚೀಲವನ್ನೂ ದಿನಾ ಗೇಟಿನಲ್ಲಿ ಒದರಿಸತೊಡಗಿದರು.

"ದೂರು ಕೊಡೇ," ಎಂದಳು ಅತ್ತಿಗೆ. "ಸುಮ್ನಿದ್ರೆ ನಾಳೆ ನಮ್ಮ ಮಕ್ಕಳನ್ನೂ ಕಳ್ಳರ ಮಕ್ಕಳು ಅಂತಾರೆ."

ಕೊಟ್ಟಳು. ವಕೀಲರ ಸಂಘ ತಲೆ ಕೆರೆದುಕೊಂಡು ಹೊಸದೊಂದು ದಾರಿ ಹಿಡಿಯಿತು: ಶಿಕ್ಷೆ ಗಿಕ್ಷೆ ಬೇಡ, ನೋಯಿಸಿದವರೂ ನೊಂದವರೂ ಎದುರುಬದುರು ಕೂತು ಗಾಯ ಮಾಯಿಸಿಕೊಳ್ಳಲಿ. ಅವಳ ಪರ ಮಾತಾಡಲು ಸಂಘವೇ ಒಬ್ಬ ಕಿರಿಯ ವಕೀಲನನ್ನು ಕೊಟ್ಟಿತು. ಅವನು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು, "ಅಕ್ಕಾ, ಏನೂ ಮುಚ್ಚಿಡ್ಬೇಡಿ. ನೀವು ಹೇಳಿದ್ದು ನನ್ನ ಹೊಟ್ಟೇಲೇ ಇರುತ್ತೆ. ಅದು ನಮ್ಮ ವೃತ್ತಿಧರ್ಮ," ಎಂದ.

ಅವಳು ಗಂಡನಿಗೂ ಹೇಳದ ಭಯವನ್ನು ಹೇಳಿದಳು. ಮಗಳು ನರ್ಸಿಂಗಿಗೆ ಅರ್ಜಿ ಹಾಕಿದ್ದಾಳೆ. ಮನೆಯವರ ಮೇಲೆ ಪೊಲೀಸ್ ಕೇಸಿದ್ದರೆ ಸೀಟು ತಪ್ಪುತ್ತದಂತೆ. "ಆದ್ರೂ ನಂಗೊಂದು ಆಗ್ಬೇಕು. ಎಲ್ಲಿ ನಿಂತು ಕಳ್ಳಿ ಅಂದ್ರೋ ಅಲ್ಲೇ ನಿಂತು, ಅಷ್ಟೇ ಜನರ ಮುಂದೆ, ಕಳ್ಳಿ ಅಲ್ಲ ಅನ್ಬೇಕು."

ಸಭೆ ಸೇರಿದ ಕೋಣೆ ಪಡಸಾಲೆಗೇ ಅಂಟಿಕೊಂಡಿತ್ತು. ಬೆಳಿಗ್ಗೆ ಅದನ್ನು ಗುಡಿಸಿ, ನಾಲ್ಕು ಕುರ್ಚಿ ದುಂಡಗೆ ಹಾಕಿದವಳೂ ಅವಳೇ.

"ಇಲ್ಲಿ ಯಾರೂ ದೊಡ್ಡವರಲ್ಲ, ಯಾರೂ ಚಿಕ್ಕವರಲ್ಲ," ಎಂದರು ಸಂಧಾನದ ಮೇಡಂ. ಆಮೇಲೆ ಅವಳಿಗೆ, "ಬಾಗಿಲು ಹಾಕ್ಕೊಂಡು ಬಾಮ್ಮ," ಎಂದರು.

ಹಿರಿಯ ವಕೀಲರು ಕಾಗದ ಬಿಡಿಸಿ ಓದಿದರು. "ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದಲ್ಲಿ ವಿಷಾದಿಸುತ್ತೇನೆ." ಯಾರಿಗಾಗಿರಬಹುದು ಎಂದು ಅವಳೂ ಒಮ್ಮೆ ಸುತ್ತ ನೋಡಿದಳು.

"ನಾನು ಕದ್ದಿಲ್ಲ ಅಂತ ಹೇಳಿ ಸಾರ್. ಹೊರಗೆ ಬಂದು ಹೇಳಿ."

"ಇಲ್ಲಿನ ಮಾತು ಈ ನಾಲ್ಕು ಗೋಡೆ ದಾಟಬಾರದಮ್ಮ. ಅದೇ ನಿಯಮ," ಎಂದರು ಮೇಡಂ.

"ಬೈದಿದ್ದು ದಾಟಿತ್ತಲ್ಲ ಮೇಡಂ."

ಹಿರಿಯ ವಕೀಲರು ನಕ್ಕರು. "ನೋಡು, ಮಗಳಿಗೆ ನರ್ಸಿಂಗ್ ಸೀಟು ಬೇಕು. ತಾಯಿ ಮೇಲೊಂದು ಕಳ್ಳತನದ ಕೇಸು ಬಿದ್ರೆ ಕಷ್ಟ. ನಾನೇನೂ ಹಾಕೋನಲ್ಲ. ಸುಮ್ನೆ ಮಾತಿಗಂದೆ."

ಅವಳು ಕಿರಿಯ ವಕೀಲನ ಕಡೆ ತಿರುಗಿದಳು. ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದ.

"ಸಾರ್ ನಮ್ಮ ಗುರುಗಳು ಅಕ್ಕಾ. ಮೂರು ವರ್ಷ ಅವರ ಕೈಕೆಳಗಿದ್ದೆ. ನಿಮ್ಮ ಒಳ್ಳೇದಕ್ಕೇ ಅವರಿಗೆ ಹೇಳ್ದೆ," ಎಂದು ಶಾಯಿಯ ಡಬ್ಬಿ ಮುಂದೆ ತಳ್ಳಿದ. "ರಾಜಿ ಆಯ್ತು ಅಂತ ಹೆಬ್ಬೆಟ್ಟು ಒತ್ತಿಬಿಡಿ."

"ಹೊಟ್ಟೇಲೇ ಇರುತ್ತೆ ಅಂದ್ಯಲ್ಲೋ ಬಡ್ಡಿಮಗನೇ! ದಿನಾ ಕಕ್ಕಸು ತೊಳೆಯೋಳು ನಾನು. ಹೊಟ್ಟೇಲಿರೋದು ಎಲ್ಲಿಗೆ ಬರುತ್ತೆ ಅಂತ ಗೊತ್ತಿರ್ಬೇಕಿತ್ತು ನಂಗೆ."

ಮೇಡಂ ಭಾಷೆಯ ಬಗ್ಗೆ ಏನೋ ಹೇಳಹೊರಟರು. ಅಷ್ಟರಲ್ಲಿ ಅವಳು ಎದ್ದು ಹೋಗಿ ಬಾಗಿಲು ಪೂರ್ತಿ ತೆರೆದು ಹೊಸ್ತಿಲ ಮೇಲೆ ನಿಂತಿದ್ದಳು.

"ಬನ್ರಪ್ಪಾ! ಅವತ್ತು ನನ್ನ ಬಟ್ಟೆ ನೋಡಿದೋರೆಲ್ಲ ಬನ್ನಿ! ಸಾರ್ ಏನೋ ಹೇಳ್ತಾರಂತೆ!"

ಮೊದಲು ಅತ್ತಿಗೆ ಬಂದಳು. ಹಿಂದೆಯೇ ಗುಮಾಸ್ತರು, ಪೊಲೀಸರು, ಏನೂ ಗೊತ್ತಿಲ್ಲದ ಕಕ್ಷಿದಾರರು ಕತ್ತು ಚಾಚಿಕೊಂಡು ಬಂದರು. "ಬಾಗಿಲು, ಬಾಗಿಲು," ಎನ್ನುತ್ತಲೇ ಇದ್ದರು ಮೇಡಂ.

"ಮಗಳ ಬದುಕು ಹಾಳಾಗುತ್ತೆ ನೋಡು," ಎಂದರು ಹಿರಿಯ ವಕೀಲರು, ಮೆಲ್ಲಗೆ.

"ಮಗಳಿಗೆ ನಾನು ಜವಾಬು ಹೇಳ್ಕೋತೀನಿ. ನೀವು ಇವರಿಗೆ ಹೇಳಿ."

ಅವರು ಕೋಟಿನ ಗುಂಡಿ ಹಾಕಿಕೊಂಡು ಎದ್ದರು. ಅದೇ ಹೊತ್ತಿಗೆ ಪಡಸಾಲೆಯ ಆ ತುದಿಯಿಂದ ಜವಾನ ಅವರ ಕೇಸಿನ ನಂಬರು ಕೂಗಿದ. ಸ್ವಲ್ಪ ತಡೆದು ಎರಡನೇ ಸಲ ಕೂಗಿದ. ಮೂರನೆಯ ಕೂಗಿಗೂ ವಕೀಲರು ಬಾರದಿದ್ದರೆ ಕೇಸು ವಜಾ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕೋಣೆಗಿದ್ದದ್ದು ಒಂದೇ ಬಾಗಿಲು. ಅವಳು ಸರಿಯಲಿಲ್ಲ.