ಬಂಡೆಪ್ಪನ ಬಾಯಿ ಕಟ್ಟಿದ ಕರದಂಟು

ಖಾನಾಪುರದ ಬಂಡೆಪ್ಪನಿಗೆ ಬೆಳಿಗ್ಗೆಯಿಂದ ಗಂಟಲು ಕೆರೆಯುತ್ತಿತ್ತು. ಇದೇನು ದೊಡ್ಡ ಸುದ್ದಿಯಲ್ಲ. ಮಳೆ ಹಿಂದೆ ಸರಿದು ಥಂಡಿ ಇಣುಕುವ ಕಾಲಕ್ಕೆ ಖಾನಾಪುರದಲ್ಲಿ ಅರ್ಧ ಊರು ಕೆಮ್ಮುತ್ತದೆ, ಉಳಿದರ್ಧ ಊರು ಕಷಾಯ ಹೇಳಿಕೊಡುತ್ತದೆ. ಬಂಡೆಪ್ಪ ಎರಡನ್ನೂ ತಾನೇ ಮಾಡಿಕೊಂಡ. ಕೆಮ್ಮಿದ, ಶುಂಠಿ ಕುದಿಸಿ ಕುಡಿದ, ಪೇಟ ಸುತ್ತಿಕೊಳ್ಳಲು ಕನ್ನಡಿ ಮುಂದೆ ನಿಂತ.

ಅವತ್ತು ಪೇಟ ಸುತ್ತಲೇಬೇಕಾದ ದಿನ. ಮಗ ಸೋಮಲಿಂಗನಿಗೆ ಹೆಣ್ಣು ಮಗು ಹುಟ್ಟಿತ್ತು. ಸೊಸೆ ನೇತ್ರಾಳ ತವರು ಬೆಳಗಾವಿಯ ಮಹಾಂತೇಶ ನಗರದಲ್ಲಿ. ಸಂಜೆ ಅಲ್ಲೇ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರ. ದಿನ ತುಂಬುವ ಮೊದಲೇ ಹುಟ್ಟಿದ ಕೂಸದು. ಡಾಕ್ಟರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಿ ಮನೆಗೆ ಕಳಿಸಿದ್ದರು. ಅಜ್ಜನಾದವನು ಮೊಮ್ಮಗಳನ್ನು ಗಾಜಿನಾಚೆಯಿಂದ ನೋಡಿದ್ದ, ಮೊಬೈಲಿನಲ್ಲಿ ನೋಡಿದ್ದ. ತೊಡೆಯ ಮೇಲೆ ಮಲಗಿಸಿಕೊಂಡಿರಲಿಲ್ಲ. ಸಂಜೆಯಾದರೆ ಆ ಕೊರಗೂ ತೀರುತ್ತಿತ್ತು.

ಅಷ್ಟರಲ್ಲಿ ಮಗಳು ಪೂನಮ ಬೆಳಗಾವಿಯಿಂದ ಬಂದಿಳಿದಳು. ಟಿಳಕವಾಡಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವ ಅವಳು ಸೋದರತ್ತೆ ಬೇರೆ; ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಬೇಕಾದವಳು. ಒಂದು ಕೈಯಲ್ಲಿ ಅತಿಥಿಗಳಿಗೆಂದು ತಂದ ಗೋಕಾಕ ಕರದಂಟಿನ ಡಬ್ಬಿ, ಇನ್ನೊಂದು ಕೈಯಲ್ಲಿ ಔಷಧಿ ಅಂಗಡಿಯ ಪುಟ್ಟ ಪೊಟ್ಟಣ. ಮುಖಕ್ಕೆ ಮಾಸ್ಕು. ಹೊಸ್ತಿಲು ದಾಟದೆ ಅಂಗಳದಲ್ಲೇ ನಿಂತಳು.

“ಅಪ್ಪಾ, ಹೊರಗ ಬಾ. ಮೂಗ ತೋರಸು.”

“ಯಾಕವಾ, ನಮ್ಮ ಮೂಗಿಗಿ ಏನಾಗೇತಿ? ನಿನಗ ಕೊಟ್ಟದ್ದೂ ಇದ ಮೂಗ.”

“ಹೋದ ವಾರದ ಮದವ್ಯಾಗ ನಿನ್ನ ಬಾಜು ಕುಂತು ಉಂಡ್ರಲ್ಲ, ಅವರಿಗಿ ಕೊರೊನಾ ಬಂದೈತಂತ. ನೀ ಫೋನಿನ್ಯಾಗ ಕೆಮ್ಮೂದು ಕೇಳೇ ಬಂದೀನಿ.”

ಬಂಡೆಪ್ಪ ಗೊಣಗುತ್ತಲೇ ಕಟ್ಟೆಯ ಮೇಲೆ ಕೂತು ಮೂಗೊಡ್ಡಿದ. ಪೊಟ್ಟಣದ ಕಡ್ಡಿಯನ್ನು ಮೂಗಿನಲ್ಲಾಡಿಸಿ, ಪರೀಕ್ಷೆಯ ಪಟ್ಟಿಗೆ ಹನಿ ಹಾಕಿ, ಸ್ವಲ್ಪ ಹೊತ್ತು ಕಾದದ್ದಾಯಿತು. ಪಟ್ಟಿಯ ಮೇಲೆ ಎರಡು ಗೆರೆ ಮೂಡಿದವು.

“ಎರಡು ಗೆರಿ ಅಂದ್ರ ಪಾಸೋ ನಪಾಸೋ?”

“ಕೊರೊನಾ ಐತಿ ಅಂತ, ಅಪ್ಪಾ.”

“ಏ ಹೋಗ! ಆ ಜಡ್ಡು ಮುಗದು ಎಷ್ಟು ವರ್ಷಾತು. ಈಗ ಅದರ ಹೆಸರ ಹೇಳಿದ್ರ ಮಂದಿ ನಗ್ತಾರ.”

“ಜಡ್ಡು ಮುಗದಿಲ್ಲ. ಅದರ ಸುದ್ದಿ ಮುಗದೈತಿ.”

ಬಂಡೆಪ್ಪ ಹಣೆ ಮುಂದೆ ಮಾಡಿದ. “ಮುಟ್ಟಿ ನೋಡು. ಕಲ್ಲಿನಂಗ ತಣ್ಣಗೈತಿ. ಜ್ವರ ಎಲ್ಲೈತಿ? ನಾಯಿ ಬೊಗಳಲಿಲ್ಲ ಅಂದ್ರ ತ್ವಾಳ ಬಂದಿಲ್ಲ. ಜ್ವರ ಇಲ್ಲ ಅಂದ್ರ ಜಡ್ಡಿಲ್ಲ. ಕುರಿ ಕಾದವರ ಲೆಕ್ಕ ಇದು, ನಿಮ್ಮ ಕಾಲೇಜಿನ್ಯಾಗ ಸಿಗೂದಲ್ಲ.”

ಈ ಸೂತ್ರ ಅವನನ್ನು ಬಹಳ ವರ್ಷ ಕಾಪಾಡಿತ್ತೆಂಬುದು ನಿಜ. ಹಟ್ಟಿಯಲ್ಲಿ ನಾಯಿಯ ಕಿವಿಯನ್ನೇ ನಂಬಿ ಮಲಗಿದವನು ಅವನು. ತನ್ನ ವಾದ ತನಗೇ ಇಷ್ಟು ರುಚಿಸಿದ್ದರಿಂದ ಅದರ ಮೇಲೊಂದು ಸಿಹಿ ಇರಲೆಂದು ಡಬ್ಬಿ ತೆಗೆದು ಕರದಂಟಿನ ದೊಡ್ಡ ತುಂಡೊಂದನ್ನು ಬಾಯಿಗೆ ಒಗೆದುಕೊಂಡ. ಮೊನ್ನೆಯಷ್ಟೇ ಹಾಕಿಸಿಕೊಂಡ ಹಲ್ಲಿನ ಸೆಟ್ಟು ಇನ್ನೂ ಇಂಥ ಪರೀಕ್ಷೆಗೆ ತಯಾರಿರಲಿಲ್ಲ. ಬೆಲ್ಲ, ಅಂಟು, ಉತ್ತತ್ತಿ ಎಲ್ಲ ಸೇರಿ ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ಒಂದು ಮಾಡಿಬಿಟ್ಟವು.

ಅದೇ ಹೊತ್ತಿಗೆ ಹಿತ್ತಲಿನ ಕುರಿಯೊಂದು ಹಗ್ಗ ಬಿಚ್ಚಿಕೊಂಡು ಅಂಗಳಕ್ಕೆ ಬಂತು. ಕಟ್ಟೆಯ ಆ ತುದಿಯ ಬುಟ್ಟಿಯಲ್ಲಿ ತೊಟ್ಟಿಲಿಗೆ ಕಟ್ಟಬೇಕಾದ ಮಲ್ಲಿಗೆ ಮಾಲೆಯಿತ್ತು. ಕುರಿ ಅದರ ಒಂದು ತುದಿ ಹಿಡಿದು ನಿಧಾನಕ್ಕೆ ಒಳಗೆಳೆದುಕೊಳ್ಳತೊಡಗಿತು.

“ಊಂ! ಊಂ ಊಂ!” ಬಂಡೆಪ್ಪ ಎರಡೂ ಕೈ ಬೀಸಿದ. ಗುಡ್ಡದಾಚೆಯ ಹಿಂಡನ್ನು ತಿರುಗಿಸುತ್ತಿದ್ದ ಗಂಟಲು ಅಂಗಳ ದಾಟಲಿಲ್ಲ. ಕುರಿ ಇದನ್ನು ಪ್ರೋತ್ಸಾಹವೆಂದೇ ತಿಳಿಯಿತು. ಪೂನಮ ಅಪ್ಪನ ಮುಖ ನೋಡಿ ನಗುತ್ತಿದ್ದುದರಿಂದ ಕುರಿಯನ್ನು ಕಂಡದ್ದು ತಡವಾಗಿ.

ಹೆಂಡತಿ ಸಿದ್ದಕ್ಕ ಹೊರಗೆ ಬಂದಾಗ ಬುಟ್ಟಿಯಲ್ಲಿ ದಾರ ಉಳಿದಿತ್ತು. “ಅಯ್ಯ ನಿನ್ನ! ಕುರಿ ಮಾಲಿ ತಿಂತಿದ್ರ ಇಲ್ಲೇ ಕುಂತು ನೋಡಕತ್ತೀರಲ್ರೀ! ಒಂದು ಕೂಗು ಹಾಕಾಕ ಬರಂಗಿಲ್ಲೇನು?”

ಬಂಡೆಪ್ಪ ಬಾಯಿಯತ್ತ ಬೆರಳು ಮಾಡಿದ.

ಪೂನಮ ಕಣ್ಣೊರೆಸಿಕೊಂಡಳು. “ಅಪ್ಪಾ, ನಿನ್ನ ಮೈಯಾಗೂ ಇದ ನಡದೈತಿ. ಈಗರ ಕೇಳು, ಹೆಂಗೂ ನಿನಗ ಎದುರು ಮಾತಾಡಾಕ ಬರಂಗಿಲ್ಲ. ನಮ್ಮ ಮೈ ಅಂದ್ರ ಕೋಟಿಗಟ್ಟಲೆ ಸಣ್ಣ ಮನಿ. ಜೀವಕೋಶ ಅಂತಾರ. ಒಂದು ಮನಿಗಿ ವೈರಸ್ ಹೊಕ್ಕರ ಆ ಮನಿ ಕೂಗತೈತಿ: ಕಳ್ಳ ಬಂದಾನ, ಬಾಗಲಾ ಹಾಕ್ಕೋರಿ! ಆ ಕೂಗಿಗಿ ಇಂಟರ್‌ಫೆರಾನ್ ಅಂತ ಹೆಸರು. ಅದನ್ನ ಕೇಳಿ ಬಾಜು ಮನಿಯವರು ಎಚ್ಚರಾಗ್ತಾರ, ಕಾವಲಿನವರು ಓಡಿ ಬರ್ತಾರ. ಜ್ವರ ಅಂದ್ರೂ ಈ ಗದ್ದಲದ್ದ ಕಾವು.”

“ಊಂ.”

“ಕೊರೊನಾ ಮೊದಲ ಆ ಬಾಯಿ ಕಟ್ಟತೈತಿ. ಅದಕ್ಕ ಹಲವು ಪ್ರೋಟೀನು ಅದಾವು, ಒಂದೊಂದಕ್ಕ ಒಂದೊಂದು ಕೆಲಸ. ಒಂದು ಅಡಿಗಿಮನಿಗಿ ಹೊಕ್ಕು ಮನಿಯವರ ಒಲಿ ಆರಸತೈತಿ, ಕಳ್ಳನ ಅಡಿಗಿ ಮಾತ್ರ ನಡೀತೈತಿ. ಕೂಗಾಕ ಬೇಕಾದದ್ದೂ ಆ ಅಡಿಗಿಮನ್ಯಾಗ ತಯಾರಾಗಬೇಕಲ್ಲ? ಇನ್ನೊಂದು, ಕಳ್ಳನ ಮೈಮ್ಯಾಲ ನಮ್ಮದ ಕಂಬಳಿ ಹೊದಿಸತೈತಿ. ನೋಡಿದವರು ನಮ್ಮಾವನ ಅಂತ ಬಿಟ್ಟುಬಿಡ್ತಾರ. ಮತ್ತೊಂದು ಒಳಬಾಗಲಕ್ಕ ಅಡ್ಡ ನಿಲ್ತೈತಿ. ಹೊರಗ ಯಾರರ ಕೂಗಿದ್ರೂ ಒಳಗಿನ ಮನಿ ಹಿರಿಯಗ ಸುದ್ದಿ ಮುಟ್ಟಂಗಿಲ್ಲ.”

ಸಿದ್ದಕ್ಕ ಗಲ್ಲದ ಮೇಲೆ ಕೈಯಿಟ್ಟಳು. “ಒಲಿ ಆರಸೂದು, ವೇಷ ಹಾಕೂದು, ಸುದ್ದಿ ಮುಚ್ಚೂದು... ಕಾಲಿದ್ದಿದ್ರ ಪಂಚಾಯ್ತಿ ಇಲೆಕ್ಷನ್ನಿಗಿ ನಿಲ್ಲತಿತ್ತು ನೋಡು.”

ಬಂಡೆಪ್ಪ ಅತ್ತ ತಿರುಗಿ, ಕರದಂಟು ಸಮೇತ ಹಲ್ಲಿನ ಸೆಟ್ಟನ್ನೇ ಕೈಗೆ ತೆಗೆದುಕೊಂಡ. ಬೊಚ್ಚುಬಾಯಿಯಲ್ಲಿ ಅವನು ಆಡಿದ ಮೊದಲ ಮಾತು ಇದು:

“ಅಂದ್ರ ನಾಯಿ ಬೊಗಳಲಿಲ್ಲ ಅಂದ್ರ ತ್ವಾಳ ಬಂದಿಲ್ಲ ಅಂತಲ್ಲ. ನಾಯಿ ಬಾಯಾಗ ಕರದಂಟೂ ಇರಬಹುದು.”

“ಹೌದಪ್ಪಾ! ಇದನ್ನ ನಾ ನಮ್ಮ ಹುಡುಗೂರಿಗಿ ಹೇಳಾಕ ವಾರ ಬೇಕಾಗತೈತಿ.”

“ಹಂಗಾರ ಮೈ ಸೋತ ಬಿಡತೈತೇನು?”

“ಇಲ್ಲ. ಬಹಳ ಮಂದ್ಯಾಗ ಕಡೀಕ ಮೈಯ ಗೆಲ್ತೈತಿ. ಆದ್ರ ತಡಾ ಆಗತೈತಿ. ಲಸಿಕಿ ಹಾಕ್ಕೊಂಡವರ ಮೈಯಾಗ ಕಾವಲಿನವರಿಗಿ ಕಳ್ಳನ ಗುರ್ತ ಮೊದಲ ಇರತೈತಿ. ಕೂಗು ತಡಾ ಆದ್ರೂ ಬಡಿಗಿ ಹಿಡಕೊಂಡು ನಿಂತಿರ್ತಾರ. ನೀ ಹಾಕ್ಕೊಂಡೀದಿ, ಛಲೋ ಆತು. ಆದ್ರ ಆ ತಡದಾಗ ಒಂದು ವೈರಸ್ ಸಾವಿರ ಆಗಿ, ನಾವು ಮಾತಾಡಿದ್ರ, ಕೆಮ್ಮಿದ್ರ ಹೊರಗ ಬೀಳತೈತಿ. ಮೈ ತಣ್ಣಗಿದ್ದಾಗನೂ ಮಂದಿಗಿ ಹಂಚಬಹುದು.”

“ಮತ್ತ ಕೂಸಿಗಿ?”

“ಅಷ್ಟು ಸಣ್ಣ ಕೂಸಿಗಿ ಈ ಲಸಿಕಿ ಹಾಕಂಗಿಲ್ಲ. ಅದಕ್ಕ ಬೇಲಿ ಅಂದ್ರ ನಾವ.”

ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಗಲದ ಎದೆ ಏರಿ ಇಳಿಯುತ್ತಿದ್ದುದು ಬಂಡೆಪ್ಪನ ಕಣ್ಣಿಗೆ ಕಟ್ಟಿತು. ಆಗ ಅವನು ತನ್ನ ಉಸಿರನ್ನೂ ಬಿಗಿಹಿಡಿದು ನಿಂತಿದ್ದ, ಗಾಜಿನಾಚೆ ತಗಲೀತೆಂದು. ಈಗ ಗಾಜೂ ಇರಲಿಲ್ಲ. ಅವನು ಅರ್ಧ ಸುತ್ತಿದ್ದ ಪೇಟ ಬಿಚ್ಚಿ ಮಡಿಚಿಟ್ಟ. ಹಲ್ಲು ತೊಳೆದು ಹಾಕಿಕೊಂಡು, ಬೀಗತಿ ಭರಮವ್ವನಿಗೆ ತಾನೇ ಫೋನು ಹಚ್ಚಿದ.

“ಯಕ್ಕಾ, ನನಗ ಕೊರೊನಾ ಬಂದೈತಿ. ಇವರಿಬ್ಬರೂ ನನ್ನ ಬಾಜೂನ ಅದಾರ. ನಾವು ಬರಂಗಿಲ್ಲ. ನೀವು ತೊಟ್ಟಲಾ ಮಾಡ್ರಿ.”

ಆ ಕಡೆಯಿಂದ ಭರಮವ್ವ ಕೇಳಿದಳು: “ಹೂರಣಾ ರುಬ್ಬೀನಲ್ಲೋ ಅಣ್ಣಾ! ಬರೇ ಕೆಮ್ಮಲ್ಲೇನು? ಜ್ವರ ಅದಾವೇನು?”

“ಇಲ್ಲ.”

“ಮತ್ತ?”

ಬಂಡೆಪ್ಪ ಆಳವಾಗಿ ಉಸಿರೆಳೆದುಕೊಂಡ. ಆಮೇಲೆ ಜೀವಕೋಶದ ಅಡಿಗೆಮನೆ, ಕಂಬಳಿ ಹೊದ್ದ ಕಳ್ಳ, ಒಳಬಾಗಿಲು ಎಲ್ಲವನ್ನೂ ಹುಟ್ಟಿದಾಗಿನಿಂದ ಬಲ್ಲವನಂತೆ ವಿವರಿಸಿದ. ನಡುವೆ ಒಂದು ತಪ್ಪಾಯಿತು. ಪೂನಮ ತಿದ್ದಲು ಹೋಗಿ ಸುಮ್ಮನಾದಳು.

ಭರಮವ್ವ ಅಂದಳು, “ಸೋದರತ್ತಿ ಇಲ್ದ ಕೂಸಿನ ಕಿವ್ಯಾಗ ‘ಕುರ್ರ್’ ಯಾರು ಅನ್ನೂದು? ನಾ ಏನ ಕೋಳಿ ಕರೀಲೇನು? ಮುಂದ ಹಾಕೂಣು ತಗೋ. ಹೋಳಿಗಿ ನಾವು ಉಣ್ತೀವಿ, ನೀ ಕಷಾಯಾ ಕುಡಿ.”

ಬಂಡೆಪ್ಪ ಹೊರಗಿನ ಕೋಣೆಯಲ್ಲಿ ಕಿಟಕಿ ತೆರೆದು ಬೇರೆಯಾಗಿ ಉಳಿದ. ಮರುದಿನ ಅವನಿಗೆ ಜ್ವರ ಬಂತು. ಊಟವಿಡಲು ಬಂದ ಸಿದ್ದಕ್ಕ ಬಾಗಿಲಲ್ಲೇ ನಿಂತು, “ನಿನ್ನಿ ಹೋಗಿ ಕೂಸನ್ನ ಎತ್ತಿಗೊಂಡಿದ್ದರ...” ಎಂದು ಶುರು ಮಾಡಿದವಳು ವಾಕ್ಯ ಮುಗಿಸಲಿಲ್ಲ. ಉಳಿದದ್ದು ಇಬ್ಬರಿಗೂ ಗೊತ್ತಿತ್ತು. ವಯಸ್ಸಾದವನೆಂದು ಆರೋಗ್ಯ ಕೇಂದ್ರದವರು ಉಸಿರಾಟ ನೋಡಿ, ಔಷಧಿ ಕೊಟ್ಟು ಹೋದರು. ಜ್ವರ ಇಳಿಯಿತು, ಕೆಮ್ಮು ಹೋಯಿತು, ಮನೆಯವರೆಲ್ಲರ ಪರೀಕ್ಷೆಯಲ್ಲೂ ಒಂದೇ ಗೆರೆ ಬಂತು.

ಆಮೇಲೆ ಮಹಾಂತೇಶ ನಗರದಲ್ಲಿ ನಡೆದ ತೊಟ್ಟಿಲಿನ ಗದ್ದಲ ಕೇಳಬೇಡಿ. ಪೂನಮ ಬಾಗಿ ಕೂಸಿನ ಕಿವಿಯಲ್ಲಿ “ಕುರ್ರ್... ಸಮೃದ್ಧೀ” ಎಂದಳು. ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಕ್ಕರು. ಕೂಸು ಬೆಚ್ಚಿ, ಬೀದಿಯ ಕೊನೆಗೆ ಕೇಳುವಂತೆ ಕಿರುಚಿತು.

“ಅಯ್ಯ, ಸುಮ್ಮನಿರಸ್ರೀ!” ಎಂದಳು ಭರಮವ್ವ.

ಬಂಡೆಪ್ಪ ಮೊಮ್ಮಗಳನ್ನು ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡ. ಅದು ಇನ್ನೂ ಜೋರು ಮಾಡಿತು. ಅವನ ಮುಖ ಅರಳಿತು. “ಬಿಡ್ರಿ, ಕೂಗ್ಲಿ. ನಮ್ಮ ಮನಿತನದಾಗ ಇದೊಂದರ ಹೊತ್ತಿಗಿ ಸರಿಯಾಗಿ ಕೂಗತೈತಿ.”

ಅಕ್ಕಗಳಿರಾ, ಅಣ್ಣಗಳಿರಾ, ನಿಮ್ಮ ಮನೆಯಲ್ಲೂ ಒಂದು ತೊಟ್ಟಿಲಿರಬಹುದು, ಮೂಲೆಯಲ್ಲೊಬ್ಬ ವಯಸ್ಸಾದ ಜೀವವಿರಬಹುದು. ಗಂಟಲು ಕೆರೆದರೆ, ನೆಗಡಿಯಾದರೆ, ಜ್ವರ ಬರಲಿ ಎಂದು ಕಾಯಬೇಡಿ. ವೈರಸ್ಸು ನಿಮ್ಮ ಮೈಯ ಬಾಯಿ ಕಟ್ಟಿರಬಹುದು. ಮಾಸ್ಕು ಹಾಕಿ, ಕಿಟಕಿ ತೆರೆಯಿರಿ, ಪರೀಕ್ಷೆ ಮಾಡಿಸಿ, ಕೂಸುಗಳಿಂದಲೂ ವೃದ್ಧರಿಂದಲೂ ದೂರವಿರಿ. ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನಿಮಗೆ ಲಸಿಕೆ ಬಾಕಿಯಿದೆಯೇ ಎಂದು ಆರೋಗ್ಯ ಕೇಂದ್ರದಲ್ಲಿ ಕೇಳಿ, ಕೇಳಲು ನಾಚಬೇಡಿ. ತಡವಾದ ಶಾಸ್ತ್ರಕ್ಕೆ ಇನ್ನೊಮ್ಮೆ ಹೂರಣ ರುಬ್ಬಬಹುದು. ಅಷ್ಟು ಶ್ರಮ ಪಡಲು ನಮ್ಮ ಬೆಳಗಾವಿ ಮಂದಿ ಎಂದೂ ಹಿಂದೆಗೆದವರಲ್ಲ.